ಮಳೆಗಾಲಕ್ಕೆ ಮುನ್ನ ಕೋವಿಮದ್ದು, ಕೇಪು, ತೋಟೆಗಳನ್ನು ಕಾಪಿಡುವ ಕ್ರಮ

ಮಲೆನಾಡು, ಕರಾವಳಿ ಮತ್ತು ಕೊಡಗಿನಲ್ಲಿ ಬೆಳೆ ರಕ್ಷಣೆಗೆಂದು ಕೋವಿ ಇರಿಸಿಕೊಂಡಿರುವ ಕೃಷಿಕರು ಮಳೆ ಹಿಡಿಯುವ ಮೊದಲು ನಳಿಗೆಗೆ ಎಣ್ಣೆ ಹಚ್ಚುವುದನ್ನು ಸಾಮಾನ್ಯವಾಗಿ ಮರೆಯುವುದಿಲ್ಲ. ಆದರೆ ಅದೇ ಕೋವಿಯ ಮದ್ದು, ಕೇಪು (ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಕಿಡಿ ತಾಗಿಸುವ ಪುಟ್ಟ ಟೊಪ್ಪಿ), ಚರೆ (ಸೀಸದ ಸಣ್ಣ ಗುಂಡು) ಮತ್ತು ತೋಟೆಗಳು (ಮದ್ದು, ಚರೆ ತುಂಬಿದ ಕಾಡತೂಸು) ಅನೇಕ ಮನೆಗಳಲ್ಲಿ ಒಂದೇ ಡಬ್ಬಿಯೊಳಗೆ ಸೇರಿಕೊಂಡು, ಅಟ್ಟದ ಮೇಲೋ ಕಪಾಟಿನ ಮೂಲೆಯಲ್ಲೋ ನಾಲ್ಕು ತಿಂಗಳು ಶೀತ ಕುಡಿಯುತ್ತಾ ಬಿದ್ದಿರುತ್ತವೆ. ಇವುಗಳಲ್ಲಿ ಒಂದೊಂದೂ ಕೆಡುವ ರೀತಿ ಬೇರೆ. ಆದ್ದರಿಂದ ಇಡುವ ರೀತಿಯೂ ಬೇರೆಯೇ ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಣಗಿಡುವುದೆಂದರೆ ಬಿಸಿ ತಾಗಿಸುವುದಲ್ಲ ಎಂಬ ಎಚ್ಚರ ಈ ಕೆಲಸದುದ್ದಕ್ಕೂ ಇರಬೇಕು.

ಈ ಲೇಖನ ಕಾನೂನುಬದ್ಧವಾಗಿ ಪಡೆದ ವಸ್ತುಗಳನ್ನು ಕಾಪಿಡುವುದಕ್ಕಷ್ಟೇ ಸೀಮಿತವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಸ್ವಾಧೀನದ ಪರವಾನಗಿಯೇ ಬೇರೆ, ತಯಾರಿಕೆಯ ಪರವಾನಗಿಯೇ ಬೇರೆ. ಹೀಗಾಗಿ ಖಾಲಿ ತೋಟೆಗೆ ಮನೆಯಲ್ಲಿ ಮದ್ದು ತುಂಬುವ ವಿಷಯವನ್ನು ಇಲ್ಲಿ ಎತ್ತಿಕೊಂಡಿಲ್ಲ. ಕೊಡವ ಜನಾಂಗದವರಿಗೂ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ 2029ರವರೆಗೆ ವಿನಾಯಿತಿ ಇದ್ದರೂ, ಮದ್ದಿನ ಸ್ವಭಾವ ಯಾರ ಮನೆಯಲ್ಲಿಯೂ ಬದಲಾಗುವುದಿಲ್ಲ.

ಮೊದಲ ಕೆಲಸ: ಎಲ್ಲವನ್ನೂ ಹೊರತೆಗೆದು ನೋಡುವುದು

ಇದಕ್ಕೆ ಫೆಬ್ರವರಿ ಅಥವಾ ಮಾರ್ಚ್ ತಿಂಗಳ ಒಣ ದಿನವೊಂದು ಸೂಕ್ತ. ಒಲೆ, ದೀಪ, ಊದುಬತ್ತಿ, ಬೀಡಿ ಯಾವುದೂ ಹತ್ತಿರವಿಲ್ಲದ, ಮಕ್ಕಳು ಓಡಾಡದ ಜಾಗದಲ್ಲಿ ಕೋವಿಯಲ್ಲಿ ಈಡು ತುಂಬಿಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಬಳಿಕ ತೋಟೆಗಳನ್ನು ಪರವಾನಗಿಯಲ್ಲಿ ನಮೂದಿಸಿರುವ ಬಗೆ ಮತ್ತು ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಯಾವ ಪೊಟ್ಟಣ ಯಾವ ವರ್ಷ ಕೊಂಡದ್ದು ಎಂಬುದನ್ನು ಅದರ ಮೇಲೆಯೇ ಬರೆದಿಡುವುದು ಒಳ್ಳೆಯದು. ಹಳೆಯದು ಮೊದಲು ಬಳಕೆಯಾಗಲು ಅದೊಂದೇ ಉಪಾಯ. ಪಟ್ಟಿ ಮಾಡಿದ ಮೇಲೆ ಉಳಿದಿರುವುದು ಜಾಗದ ಪ್ರಶ್ನೆ.

ಎಲ್ಲಿ ಇಡಬಾರದು

ನಮ್ಮ ಮನೆಗಳಲ್ಲಿ ಮಳೆಗಾಲದಲ್ಲಿ ಒಣಗಿರಬೇಕಾದ ವಸ್ತುವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ರೂಢಿ. ಬಿತ್ತನೆ ಬೀಜಕ್ಕೂ ಕಾಳುಮೆಣಸಿಗೂ ಒಪ್ಪುವ ಈ ಜಾಗ ಮದ್ದಿಗೆ ಅತ್ಯಂತ ಅಪಾಯಕಾರಿಯಾದುದು. ತೋಟೆಯೊಳಗಿರುವ ಹೊಗೆರಹಿತ ಮದ್ದು ನೈಟ್ರೋಸೆಲ್ಯುಲೋಸ್‌ನಿಂದ ಮಾಡಿದ್ದು. ಅದು ತಣ್ಣಗಿದ್ದರೂ ಬಹು ನಿಧಾನವಾಗಿ ವಿಘಟನೆಯಾಗುತ್ತಲೇ ಇರುತ್ತದೆ. ಈ ಕ್ರಿಯೆಯಿಂದ ಹೊರಬರುವ ನೈಟ್ರೋಜನ್ ಆಕ್ಸೈಡ್‌ಗಳನ್ನು ಹೀರಿಕೊಳ್ಳಲೆಂದು ತಯಾರಕರು ಡೈಫಿನೈಲಮೈನ್‌ನಂತಹ ಸ್ಥಿರಕಾರಿಯನ್ನು ಅದರಲ್ಲಿ ಸೇರಿಸಿರುತ್ತಾರೆ. ಉಷ್ಣತೆ ಏರಿದಂತೆಲ್ಲ ಸ್ಥಿರಕಾರಿ ಬೇಗ ಮುಗಿಯುತ್ತದೆ. ಮುಗಿದ ಮೇಲೆ ಮದ್ದು ತನ್ನಿಂದ ಹೊಮ್ಮಿದ ಆಮ್ಲದಿಂದಲೇ ಇನ್ನಷ್ಟು ವೇಗವಾಗಿ ಹಾಳಾಗುತ್ತದೆ, ದೊಡ್ಡ ಪ್ರಮಾಣದಲ್ಲಿ ಒಂದೆಡೆ ಇದ್ದರೆ ತಾನಾಗಿಯೇ ಹೊತ್ತಿಕೊಳ್ಳಲೂಬಹುದು. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ಬಳಸುವ ಕರಿಮದ್ದು ಹೀಗೆ ವಿಘಟನೆಯಾಗುವುದಿಲ್ಲ. ಆದರೆ ಒಂದು ಕಿಡಿ ತಾಗಿದರೂ ಅದು ಕ್ಷಣಮಾತ್ರದಲ್ಲಿ ಹೊತ್ತಿಕೊಳ್ಳುವುದರಿಂದ, ಒಲೆಯ ಮೇಲಿನ ಅಟ್ಟ ಅದಕ್ಕೂ ಖಂಡಿತ ಸಲ್ಲದು. ತಗಡಿನ ಅಥವಾ ಸಿಮೆಂಟ್ ಶೀಟಿನ ಮಾಡಿನ ಕೆಳಗೂ ಇಡಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯ ಶೀಟಿನ ಮನೆಗಳ ಮಾಡಿನಡಿಯ ಸೆಕೆ ಹೇಗಿರುತ್ತದೆಂಬುದನ್ನು ಅಲ್ಲಿಯವರಿಗೆ ಹೇಳಬೇಕಾಗಿಲ್ಲ.

ಕೊಟ್ಟಿಗೆಯ ಪಕ್ಕದ ಕೋಣೆಯೂ ನಿಷಿದ್ಧ. ಇದಕ್ಕೆ ನಮ್ಮ ದೇಶದಲ್ಲೇ ನಡೆದ ಪ್ರಸಿದ್ಧವಾದ ಪೂರ್ವನಿದರ್ಶನವೊಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಕುದುರೆ ಲಾಯಗಳಲ್ಲಿ ಸಂಗ್ರಹಿಸಿಟ್ಟಿದ್ದ ಹಿತ್ತಾಳೆಯ ತೋಟೆಗಳಲ್ಲಿ, ಯಾವ ಪೆಟ್ಟೂ ಬಿದ್ದಿರದಿದ್ದರೂ ಬಿರುಕುಗಳು ಕಾಣಿಸಿಕೊಂಡವು. ಕುದುರೆಗಳ ಮೂತ್ರದಿಂದ ಎದ್ದ ಅಮೋನಿಯಾ ತೇವದ ಗಾಳಿಯಲ್ಲಿ ಹಿತ್ತಾಳೆಯ ಮೇಲೆ ಕುಳಿತು, ತಯಾರಿಕೆಯ ವೇಳೆ ಲೋಹದೊಳಗೆ ಉಳಿದುಕೊಂಡಿದ್ದ ಬಿಗಿತದ ಜಾಡಿನಲ್ಲಿ ಅದನ್ನು ಸೀಳಿತ್ತು. ಈ ಕಾರಣ ವೈಜ್ಞಾನಿಕವಾಗಿ ಸ್ಪಷ್ಟವಾದದ್ದು 1921ರಲ್ಲಿ, ಮೂರ್ ಮತ್ತು ಅವರ ಸಹೋದ್ಯೋಗಿಗಳ ಅಧ್ಯಯನದಿಂದ. ಇಂದಿನ ಹನ್ನೆರಡು ಬೋರಿನ ತೋಟೆಯ ಬುಡದಲ್ಲಿ ಹಿತ್ತಾಳೆ ಇದ್ದರೂ, ಹಿತ್ತಾಳೆಯ ಲೇಪವಿರುವ ಉಕ್ಕು ಇದ್ದರೂ, ದನದ ಗಂಜಳದ ವಾಸನೆ ಮೂಗಿಗೆ ಬರುವ ಕೋಣೆ ಅದಕ್ಕೆ ತಕ್ಕ ಜಾಗವಲ್ಲ. ಯೂರಿಯಾ, ಅಮೋನಿಯಂ ಸಲ್ಫೇಟ್ ಮೂಟೆಗಳಿರುವ ಗೊಬ್ಬರದ ಕೋಣೆಗೂ ಇದೇ ಮಾತು ಅನ್ವಯಿಸುತ್ತದೆ. ಇನ್ವರ್ಟರ್ ಬ್ಯಾಟರಿ, ಪೆಟ್ರೋಲ್, ಡೀಸೆಲ್, ಕೀಟನಾಶಕಗಳ ನೆರೆಯೂ ಬೇಡ.

ಹಾಗಾದರೆ ಉಳಿಯುವುದು ಮನೆಯ ನಡುಭಾಗದ, ಹೊರಗೋಡೆಗೆ ತಾಗದ, ಬಿಸಿಲು ಬೀಳದ ಕೋಣೆ. ಅಲ್ಲಿಯೂ ಮಳೆಗಾಲದಲ್ಲಿ ಶೀತ ಏಳುವ ನೆಲದ ಮೇಲೆ ನೇರವಾಗಿ ಇಡದೆ, ಗೋಡೆಯಿಂದ ಸ್ವಲ್ಪ ಅಂತರ ಬಿಟ್ಟು, ಮಕ್ಕಳ ಕೈಗೆಟುಕದ ಎತ್ತರದಲ್ಲಿ, ಬೀಗವಿರುವ ಕಪಾಟಿನಲ್ಲಿ ಇಡಬೇಕು. ಕೋವಿಯ ಬೀಗದ ಕೈಯೂ ಮದ್ದಿನ ಬೀಗದ ಕೈಯೂ ಒಂದೇ ಗೊಂಚಲಿನಲ್ಲಿ ಇರದಿದ್ದರೆ ಇನ್ನೂ ಕ್ಷೇಮ.

ಮದ್ದು: ಗಟ್ಟಿ ಪೆಟ್ಟಿಗೆ ಬೇಡ

ಮದ್ದನ್ನು ಕೊಂಡಾಗ ಬಂದ ಡಬ್ಬಿಯಲ್ಲಿಯೇ ಇಡಬೇಕು. ಗಾಜಿನ ಬಾಟಲಿಗೆ ಅಥವಾ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ವರ್ಗಾಯಿಸುವುದು ತೇವವನ್ನು ತಡೆಯುವ ಸುಲಭದ ದಾರಿಯಂತೆ ಕಂಡರೂ, ಅದರಿಂದ ಬರುವ ಅಪಾಯ ಶೀತಕ್ಕಿಂತ ದೊಡ್ಡದು. ಬಯಲಿನಲ್ಲಿ ಹೊತ್ತಿಕೊಂಡ ಮದ್ದು ಭುಗಿಲೆದ್ದು ಉರಿದುಹೋದರೆ, ಗಟ್ಟಿ ಲೋಹದೊಳಗೆ ಬಿಗಿಯಾಗಿ ಮುಚ್ಚಿಟ್ಟ ಮದ್ದು ಬೆಂಕಿ ತಾಗಿದಾಗ ಒತ್ತಡ ಕಟ್ಟಿಕೊಂಡು ಬಾಂಬಿನಂತೆ ಸಿಡಿಯುತ್ತದೆ. ಇದೇ ಕಾರಣಕ್ಕೆ ಅಮೆರಿಕದ ಅಗ್ನಿಸುರಕ್ಷಾ ಸಂಘವಾದ ಎನ್‌ಎಫ್‌ಪಿಎಯ 495ನೆಯ ಮಾನದಂಡವು ಮನೆಯಲ್ಲಿಡುವ ಕರಿಮದ್ದಿಗೆ ಸುಮಾರು ಒಂದಿಂಚು ದಪ್ಪದ ಹಲಗೆಯ ಮರದ ಪೆಟ್ಟಿಗೆಯನ್ನು ವಿಧಿಸುತ್ತದೆ: ಮರ ಹೊರಗಿನ ಬಿಸಿಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಆದರೆ ಒಳಗಿನ ಒತ್ತಡಕ್ಕೆ ಬೇಗ ಸಡಿಲಗೊಳ್ಳುತ್ತದೆ. ನಮ್ಮಲ್ಲಿ ಹಲಸಿನ ಅಥವಾ ಹೆಬ್ಬಲಸಿನ ಹಲಗೆಯಿಂದ ಬಡಗಿಯ ಕೈಯಲ್ಲಿ ಇಂತಹ ಪೆಟ್ಟಿಗೆ ಮಾಡಿಸಿಕೊಳ್ಳುವುದು ಕಷ್ಟವಲ್ಲ. ತೇವದ ಚಿಂತೆ ಇರುವವರು ಮೂಲ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಿ, ಪೆಟ್ಟಿಗೆಯೊಳಗೆ, ಡಬ್ಬಿಯ ಹೊರಗೆ, ಸಿಲಿಕಾ ಜೆಲ್ ಪೊಟ್ಟಣ ಇಡಬಹುದು.

ಕರಿಮದ್ದಿನಲ್ಲಿ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) 75, ಇದ್ದಿಲು 15, ಗಂಧಕ 10 ಪಾಲು ಇರುತ್ತವೆ. ತೇವ ಒಳಹೊಕ್ಕಾಗ ಪೆಟ್ಲುಪ್ಪು ಕರಗಿ ಮತ್ತೆ ಹರಳುಗಟ್ಟುವುದರಿಂದ ಮಿಶ್ರಣದ ಹದ ಕೆಡುತ್ತದೆ, ಕಾಳುಗಳು ಗಂಟುಕಟ್ಟುತ್ತವೆ. ಹೀಗಾದ ಮದ್ದನ್ನು ಬಿಸಿಲಿಗೆ ಹರಡಿ, ಒಲೆಯ ಬಳಿ ಇಟ್ಟು ಅಥವಾ ಗಂಟುಗಳನ್ನು ಒಡೆದು ಪುಡಿಮಾಡಿ ಸರಿಪಡಿಸಲು ಹೋಗುವುದು ಪ್ರಾಣಕ್ಕೆ ಎರವಾಗುವ ಸಾಹಸ. ಒಮ್ಮೆ ಶೀತ ಹಿಡಿದದ್ದು ಮತ್ತೆ ಮೊದಲಿನ ಹದಕ್ಕೆ ಬರುವುದಿಲ್ಲ.

ಕೇಪುಗಳನ್ನು ಮದ್ದಿನ ಪೆಟ್ಟಿಗೆಯಲ್ಲಿ ಎಂದಿಗೂ ಇಡಬಾರದು. ಪೆಟ್ಟು ಬಿದ್ದರೆ ಸಿಡಿಯಲೆಂದೇ ಮಾಡಿರುವ ವಸ್ತು ಅದು. ಬಿಡಿಬಿಡಿಯಾಗಿ ಒಂದು ಸೀಸೆಯಲ್ಲಿ ಸುರಿದಿಟ್ಟರೆ ಒಂದರ ಸಿಡಿತಕ್ಕೆ ಉಳಿದವೆಲ್ಲವೂ ಒಟ್ಟಿಗೆ ಸಿಡಿಯಬಹುದು. ತಯಾರಕರ ಮೂಲ ಪೊಟ್ಟಣ ಅವುಗಳನ್ನು ಬೇರ್ಪಡಿಸಿ ಇಡುವುದಕ್ಕಾಗಿಯೇ ಇರುವುದರಿಂದ, ಅದರಲ್ಲಿಯೇ, ಬೇರೆ ಕಪಾಟಿನಲ್ಲಿ, ಕೈತಪ್ಪಿ ಬೀಳದ ಜಾಗದಲ್ಲಿ ಇಡಬೇಕು. ಎಣ್ಣೆಯ ಕೈಯಿಂದ ಮುಟ್ಟಬಾರದು. ಎಣ್ಣೆ ಒಳಗಿಳಿದು ಕೇಪನ್ನು ಸತ್ವಹೀನಗೊಳಿಸುತ್ತದೆ. ತುಕ್ಕು ಬರದಿರಲೆಂದು ತೋಟೆಯ ಬುಡಕ್ಕೆ ಎಣ್ಣೆ ಹಚ್ಚುವವರಿಗೂ ಈ ಎಚ್ಚರಿಕೆ ಸಲ್ಲುತ್ತದೆ.

ಸೀಸದ ಚರೆಗೆ ಹೆಚ್ಚಿನ ಉಪಚಾರ ಬೇಡ. ಅದರ ಮೇಲೆ ಬಿಳಿ ಪುಡಿ ಕಂಡರೆ ಬರಿಗೈಯಲ್ಲಿ ಮುಟ್ಟದಿರುವುದು, ಮುಟ್ಟಿದರೆ ಸಾಬೂನಿನಿಂದ ಕೈ ತೊಳೆಯದೆ ಊಟಕ್ಕೆ ಕೂರದಿರುವುದು ಸಾಕು.

ತೋಟೆ: ಬಿಗಿ ಡಬ್ಬಿ, ಒಣ ದಿನ

ತುಂಬಿದ ತೋಟೆಗಳ ವಿಷಯದಲ್ಲಿ ನಿಯಮ ತಿರುಗುಮುರುಗಾಗುತ್ತದೆ. ಒಂದೊಂದು ತೋಟೆಯಲ್ಲಿರುವ ಮದ್ದು ಕೆಲವೇ ಗ್ರಾಂ ಆಗಿರುವುದರಿಂದ, ರಬ್ಬರ್ ಪಟ್ಟಿಯಿರುವ ಬಿಗಿ ಮುಚ್ಚಳದ ಡಬ್ಬಿ ಇವಕ್ಕೆ ಒಳ್ಳೆಯದೇ. ಕಾಗದದ ಕವಚದ ಹಳೆಯ ತೋಟೆಗಳು ಶೀತಕ್ಕೆ ಉಬ್ಬಿ ನಳಿಗೆಯೊಳಗೆ ಕೂರುವುದಿಲ್ಲ. ಪ್ಲಾಸ್ಟಿಕ್ ಕವಚದವು ಉಬ್ಬದಿದ್ದರೂ ಬುಡದ ಲೋಹ ತುಕ್ಕು ಹಿಡಿಯುತ್ತದೆ.

ಡಬ್ಬಿ ಮುಚ್ಚುವ ದಿನದ ಆಯ್ಕೆಯೂ ಮುಖ್ಯ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಜೂನ್ ತಿಂಗಳ ಬೆವರುವ ಮಧ್ಯಾಹ್ನದಲ್ಲಿ ಮುಚ್ಚಿದ ಡಬ್ಬಿ ರಾತ್ರಿಯ ತಂಪಿಗೆ ಒಳಗಿನಿಂದಲೇ ಬೆವರುವುದು ಈ ಕಾರಣಕ್ಕೆ. ಬಿಗಿ ಮುಚ್ಚಳ ಆಗ ನೀರನ್ನು ಹೊರಗಿಡುವ ಬದಲು ಒಳಗೆ ಕೂಡಿಹಾಕುತ್ತದೆ. ಒಣಹವೆಯ ದಿನ ಮುಚ್ಚಿ, ಮಳೆಗಾಲದಲ್ಲಿ ಅಗತ್ಯವಿಲ್ಲದೆ ತೆರೆಯದಿರುವುದೇ ಪರಿಹಾರ. ಬೇಕಾಗಬಹುದಾದ ನಾಲ್ಕಾರು ತೋಟೆಗಳನ್ನು ಚಿಕ್ಕ ಡಬ್ಬಿಯಲ್ಲಿ ಬೇರೆ ಇಟ್ಟುಕೊಂಡರೆ ದೊಡ್ಡ ಡಬ್ಬಿಯನ್ನು ಪದೇಪದೇ ತೆರೆಯುವ ಪ್ರಮೇಯ ಬರುವುದಿಲ್ಲ.

ಒಳಗಿಡುವ ಸಿಲಿಕಾ ಜೆಲ್ ಬಣ್ಣ ಬದಲಿಸುವ ಬಗೆಯದಾಗಿದ್ದರೆ ಅನುಕೂಲ. ನೀಲಿ ಹರಳು ತೇವ ಹೀರಿ ತುಂಬಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಿಡಿ ಹರಳುಗಳನ್ನು ಡಬ್ಬಿಯಿಂದ ಹೊರತೆಗೆದು, ತೋಟೆಗಳಿರುವ ಕೋಣೆಯಿಂದ ದೂರ ಒಯ್ದು, ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಆದರೆ ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡ್‌ನದು, ವಿಷಕಾರಿಯಾದದ್ದು. ಅಡುಗೆಯ ಪಾತ್ರೆಯನ್ನು ಇದಕ್ಕೆ ಬಳಸಬಾರದು. ಸಿಲಿಕಾ ಜೆಲ್ ಬದಲಿಗೆ ಉಪ್ಪನ್ನು ಇಡುವುದು ಸರಿಯಲ್ಲ, ಏಕೆಂದರೆ ನೀರೊಡೆದ ಉಪ್ಪು ಲೋಹವನ್ನು ಇನ್ನೂ ಬೇಗ ತಿನ್ನುತ್ತದೆ.

ಮಳೆ ಇಳಿದ ಮೇಲೆ

ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ದಿನ ಕೋವಿಯನ್ನು ಶುಚಿಗೊಳಿಸಿ ತೋಕ್ ಪೂ (ಕೋವಿ ಹೂ) ಇಟ್ಟು ಪೂಜಿಸುವ ಪದ್ಧತಿ ಇರುವುದರಿಂದ, ಅಲ್ಲಿಯವರಿಗೆ ತೋಟೆಗಳನ್ನೂ ಪರೀಕ್ಷಿಸಲು ಅದೇ ಸಂದರ್ಭ ಒದಗಿಬರುತ್ತದೆ. ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠಾಣೆಗೆ ಒಪ್ಪಿಸಿ ತಿಂಗಳುಗಳ ನಂತರ ಮರಳಿ ತಂದವರೂ, ಅಷ್ಟು ದಿನ ಯಾರೂ ನೋಡದೆ ಮನೆಯಲ್ಲಿ ಉಳಿದಿದ್ದ ತೋಟೆಗಳನ್ನು ಪರಿಶೀಲಿಸದೆ ಬಳಸಬಾರದು. ಬುಡದಲ್ಲಿ ತುಕ್ಕು ಅಥವಾ ಹಸಿರು ಕಿಲುಬು, ಉಬ್ಬಿದ ಕವಚ, ಸಡಿಲಗೊಂಡ ಬಾಯಿ, ಕೂದಲೆಳೆಯಷ್ಟೇ ಇದ್ದರೂ ಬಿರುಕು: ಇವುಗಳಲ್ಲಿ ಒಂದು ಕಂಡರೂ ಆ ತೋಟೆಯನ್ನು ಬದಿಗಿಡಬೇಕು. ಹೊಗೆರಹಿತ ಮದ್ದಿನ ಡಬ್ಬಿ ತೆರೆದಾಗ ಮೂಗಿಗೆ ಚುಚ್ಚುವ ಹುಳಿ ವಾಸನೆ ಬಂದರೆ, ಕೆಂಗಂದು ಬಣ್ಣದ ಹೊಗೆಯೋ ಧೂಳೋ ಕಂಡರೆ, ಮದ್ದು ವಿಘಟನೆಯ ಕೊನೆಯ ಹಂತಕ್ಕೆ ಬಂದಿದೆಯೆಂದೇ ತಿಳಿಯಬೇಕು. ಅದನ್ನು ಅಲುಗಾಡಿಸದೆ ಎಲ್ಲರನ್ನೂ ದೂರ ಕಳಿಸಿ ಠಾಣೆಗೆ ತಿಳಿಸಬೇಕು.

ಬದಿಗಿಟ್ಟದ್ದನ್ನು ಬಾವಿಗೆ, ಹೊಳೆಗೆ ಎಸೆಯುವುದು, ತೋಟದಲ್ಲಿ ಹೂಳುವುದು, ಸೌದೆಯ ಜೊತೆ ಸುಡುವುದು ಯಾವುದೂ ಸಲ್ಲದು. ಹೂತದ್ದು ಮುಂದೊಂದು ದಿನ ಯಾರದೋ ಗುದ್ದಲಿಗೆ ಸಿಕ್ಕೀತು. ಬೇರೆ ಪೊಟ್ಟಣದಲ್ಲಿ ಹಾಕಿ, ಸಂಖ್ಯೆ ಮತ್ತು ಬಗೆಯನ್ನು ಬರೆದು, ಮೊದಲು ಠಾಣೆಗೆ ಅಥವಾ ಪರವಾನಗಿ ಪಡೆದ ಮದ್ದುಗುಂಡಿನ ಅಂಗಡಿಗೆ ಫೋನ್ ಮಾಡಿ ಹೇಗೆ ತರಬೇಕೆಂದು ಕೇಳಿಕೊಂಡು, ನಂತರ ಒಪ್ಪಿಸಿ ರಸೀದಿ ಪಡೆದುಕೊಳ್ಳಬೇಕು.