ಖಣ ಮಾರಲು ಹೋಗಿ ಮಗ್ಗ ತೋರಿಸಲು ಕೂತೆ

ಬಾಗಲಕೋಟೆ ಜಿಲ್ಲೆಯ ನಮ್ಮ ಗುಳೇದಗುಡ್ಡದಲ್ಲಿ ಮೊದಲು ಮಗ್ಗದ ಸದ್ದಿಲ್ಲದ ಓಣಿ ಇರಲಿಲ್ಲ, ಈಗ ಮಗ್ಗವನ್ನೇ ಹುಡುಕಬೇಕು. ನಮ್ಮ ಮನೆಯಲ್ಲಿ ಒಂದು ಕುಣಿ ಮಗ್ಗ (ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದ್ದು) ಉಳಿದಿದೆ. ಮಾವ ನೇಯುತ್ತಾರೆ, ನಾನು ಕಂಡಿಕೆಗೆ (ಲಾಳಿಯೊಳಗಿನ ಸಣ್ಣ ಕೊಳವೆಗೆ) ನೂಲು ಸುತ್ತುತ್ತೇನೆ, ಹೊಲಿಗೆ ಮಷಿನ್ ಕೂಡ ಇದೆ. ಖಣ ಅಂದ್ರೆ ಕುಪ್ಪಸದ ಬಟ್ಟೆ. ಹಾಸು, ಅಂದ್ರೆ ಉದ್ದದ ಎಳೆ, ರೇಷ್ಮೆ; ಹೊಕ್ಕು, ಅಂದ್ರೆ ಅಡ್ಡದ ಎಳೆ, ಹತ್ತಿ. ಒಂದು ಕಾಲಕ್ಕೆ ಮಹಾರಾಷ್ಟ್ರಕ್ಕೆ ಗಂಟುಗಟ್ಟಲೆ ಹೋಗುತ್ತಿತ್ತು. ರೆಡಿಮೇಡ್ ಬ್ಲೌಸ್ ಬಂದವು, ತೊಡುವವರು ಕಡಿಮೆಯಾದರು, ಕೂಲಿ ಮಾತ್ರ ಏರಲಿಲ್ಲ.

ಬಾದಾಮಿ ನಮಗೆ ಹತ್ತಿರ. ಗುಹೆ ನೋಡಲು ಅಷ್ಟು ಜನ ಬರುತ್ತಾರಲ್ಲ ಅಂತ ಒಂದು ನವೆಂಬರ್‌ನಲ್ಲಿ ಗಂಟು ಕಟ್ಟಿಕೊಂಡು ಹೋದೆ. ಪಾರ್ಕಿಂಗ್ ಹತ್ತಿರ ಹಾಸಿಕೊಂಡು ಕೂತೆ. ಮೂರು ದಿನಕ್ಕೆ ಎರಡೇ ಖಣ ಹೋದವು. ಬೆಂಗಳೂರಿನ ಒಬ್ಬ ಹುಡುಗಿ ಬಟ್ಟೆ ಸವರಿ ಸವರಿ ನೋಡಿದಳು. "ಚೆನ್ನಾಗಿದೆ ಆಂಟಿ, ಆದ್ರೆ ಇದನ್ನ ಏನ್ ಮಾಡ್ಲಿ? ನಾನು ಸೀರೆನೇ ಉಡಲ್ವಲ್ಲ."

ಅವಳು ಹೇಳಿದ್ದು ಸರಿಯೇ ಇತ್ತು. ಆವತ್ತೇ ರಾತ್ರಿ ಮೊಬೈಲ್ ಪೌಚು ಹೊಲಿದೆ. ವಾರ ಆಗುವುದರೊಳಗೆ ಅಂಚಿನಲ್ಲಿ ರೇಷ್ಮೆ ಎಳೆ ಬಿಚ್ಚಿಕೊಂಡು ಗಡ್ಡದ ಹಾಗೆ ಜೋತುಬಿದ್ದಿತ್ತು. ಖಣ ಕತ್ತರಿಸಿದರೆ ಎಳೆ ನಿಲ್ಲೋದಿಲ್ಲ. ಈಗ ಮೊದಲು ಹಿಂದೆ ಕ್ಯಾನ್ವಾಸ್ ಇಸ್ತ್ರಿ ಹಾಕಿ ಅಂಟಿಸುತ್ತೇನೆ, ಆಮೇಲೆ ಕತ್ತರಿ, ಆಮೇಲೆ ಅಸ್ತರು. ಇನ್ನೊಂದು ವಿಷಯ, ಖಣದ ಪನ್ನ, ಅಂದ್ರೆ ಅಗಲ, ಸಣ್ಣದು. ದೊಡ್ಡ ಬ್ಯಾಗಿಗೆ ಕೈ ಹಾಕಿದರೆ ತುಂಡು ಜಾಸ್ತಿ ಉಳಿದು ಲಾಭ ಎಲ್ಲ ಕಸದ ಬುಟ್ಟಿಗೆ. ಸಣ್ಣ ಪರ್ಸು, ಡೈರಿ ರಟ್ಟು, ಕನ್ನಡಕದ ಚೀಲ ಇಷ್ಟೇ ಸಾಕು, ಉಳಿದ ಚೂರು ಪುಸ್ತಕದ ನಡುವೆ ಇಡುವ ಪಟ್ಟಿ ಆಗುತ್ತದೆ. (ಬಾದಾಮಿಯಲ್ಲಿ ಮಾರುವವರಿಗೆ ಒಂದು ಮಾತು: ಸರಕನ್ನು ಮುಚ್ಚಿಡಿ. ನನ್ನ ಕೆಂಪು ಪರ್ಸೊಂದನ್ನು ಮಂಗ ಬಂಡೆ ಮೇಲೆ ಕೂತು ಬಿಚ್ಚಿ ಬಿಚ್ಚಿ ನೋಡಿತು, ತಿನ್ನೋಕೇನೂ ಇಲ್ಲ ಅಂತ ಗೊತ್ತಾದ ಮೇಲೆ ಎಸೆಯಿತು.)

ಒಂದು ಅಂಗಡಿಗೆ "ಮಾರಿದ ಮೇಲೆ ದುಡ್ಡು" ಅಂತ ನಲವತ್ತು ಪೀಸು ಕೊಟ್ಟೆ. ಐದು ತಿಂಗಳಾದ ಮೇಲೆ ಬಿಸಿಲಿಗೆ ಬಣ್ಣ ಹೋದ ಮೂವತ್ತೊಂದು ವಾಪಸ್ ಬಂದವು. ಅಂದಿನಿಂದ ಉದ್ರಿ ಇಲ್ಲ.

ನಿಜವಾದ ಬದಲಾವಣೆ ಆದದ್ದು ಒಂದು ಜೋಡಿ "ನೇಯೋದು ನೋಡಬಹುದಾ?" ಅಂತ ಕೇಳಿದಾಗ. ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಮಧ್ಯಾಹ್ನ ಮನೆಗೆ ಬಂದರು. ಮಾವ ಆಕೆಯನ್ನೇ ಮಗ್ಗಕ್ಕೆ ಕೂರಿಸಿದರು. "ಕಾಲ ಮೆತ್ತಗ ಒತ್ತವ್ವಾ, ಅದು ಸೈಕಲ್ ಅಲ್ಲ." ಲಾಳಿ ಎಳೆದಳು, ನಾಲ್ಕನೇ ಸಲಕ್ಕೆ ಹಾಸಿನ ಎಳೆ ಕಡಿಯಿತು. ಆಕೆಗೆ ಗಾಬರಿ. ಮಾವ ಎಳೆಯ ಎರಡು ತುದಿ ಹಿಡಿದು ಬೆರಳಲ್ಲೇ ಹೊಸೆದು ಗಂಟು ಹಾಕಿದರು, ಕಣ್ಣು ಮಿಟುಕಿಸುವಷ್ಟರಲ್ಲಿ. "ಇನ್ನೊಮ್ಮೆ ತೋರಿಸ್ತೀರಾ?" ಅಂದಳು. ಹೋಗುವಾಗ ನಾಲ್ಕು ಖಣ ಕೊಂಡಳು, ಚೌಕಾಸಿ ಇಲ್ಲದೆ. ಸೀರೆ ಉಡದವರೇ! ಫ್ರೇಮ್ ಹಾಕಿಸ್ತಾರಂತೆ.

ಈಗ ಗೊತ್ತಿರುವ ಇಬ್ಬರು ಆಟೋದವರು ಜನರನ್ನು ಕರೆತರುತ್ತಾರೆ. ಅವರಿಗೆ ಮಾರಾಟದ ಮೇಲೆ ಕಮಿಷನ್ ಕೊಡೋದಿಲ್ಲ, ಕರೆತಂದವರ ತಲೆಗೆ ಇಷ್ಟು ಅಂತ ಕೊಡುತ್ತೇನೆ. ಕಮಿಷನ್ ಶುರುವಾದರೆ ರೇಟು ಏರಿಸಬೇಕಾಗುತ್ತದೆ, ಗಿರಾಕಿಗೆ ಅದು ತಕ್ಷಣ ವಾಸನೆ ಬರುತ್ತದೆ. ಮಗ್ಗ ನೋಡಲು, ಚಹಾ ಕುಡಿಯಲು ನೂರು ರೂಪಾಯಿ. ಮೊದಲು ಕೇಳಲು ನಾಚಿಕೆ ಆಗುತ್ತಿತ್ತು. ಆದರೆ ಅಷ್ಟು ಹೊತ್ತು ಮಾವನ ಮಗ್ಗ ನಿಂತಿರುತ್ತದಲ್ವಾ, ಆ ಕೂಲಿ ಯಾರು ಕೊಡಬೇಕು?

ಜನವರಿಯಲ್ಲಿ ಬಾದಾಮಿ ಬನಶಂಕರಿ ಜಾತ್ರೆ ಬಂದರೆ ಲೆಕ್ಕವೇ ಬೇರೆ. ಅಲ್ಲಿ ಪೌಚು ಯಾರೂ ಮುಟ್ಟೋದಿಲ್ಲ, ಉಡಿ ತುಂಬಲು ಖಣವೇ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಕಾದು ಬಾದಾಮಿಯ ಕಡೆ ಯಾರೂ ಸುಳಿಯೋದಿಲ್ಲ, ಆಗ ಸುಮ್ನೆ ಕೂರದೆ ಹೊಲಿದಿಡುತ್ತೇನೆ. ಈ ಸಲ ಮಳೆಗಾಲ ಮುಗಿಯುವುದರೊಳಗೆ ಮಗ್ಗದ ಪಕ್ಕ ಒಂದು ಬೆಂಚು ಹಾಕಿಸಬೇಕು. ಹೋದ ಡಿಸೆಂಬರ್‌ನಲ್ಲಿ ಆರು ಜನ ಬಂದಾಗ ಇಬ್ಬರು ಹೊಸ್ತಿಲ ಆಚೆಯೇ ನಿಂತು ಇಣುಕಿ ನೋಡಿ ಹೋದರು, ಅವರು ಏನೂ ಕೊಳ್ಳಲಿಲ್ಲ.