ಕೈಗೂಸು ಇಟ್ಟುಕೊಂಡು ಕರುಣೆಯ ಜಪಸರ: ಕೊನೆಗೂ ಒಗ್ಗಿದ್ದು ಹೀಗೆ

ಮಕ್ಕಳು ಸಣ್ಣವರಿರುವಾಗ ದೈವಕರುಣೆಯ ಜಪಸರ (ಮಣಿ ಎಣಿಸುತ್ತಾ ದೇವರ ಕರುಣೆ ಬೇಡುವ ಕಥೋಲಿಕ ಜಪ) ದಿನಾ ಹೇಳೋಕಾಗಲ್ಲ, ಅವು ದೊಡ್ಡವಾಗಲಿ ಬಿಡು ಅಂತ ನಮ್ಮ ಪ್ರಾರ್ಥನಾ ಕೂಟದಲ್ಲಿ ಮೂರು ಜನ ಹೇಳಿದ್ದರು. ಒಬ್ಬರಂತೂ ನಕ್ಕೇಬಿಟ್ಟರು. ಈಗ ಒಂದು ವರ್ಷದ ಮೇಲಾಯಿತು. ದಿನಾ ಟಿಕ್ ಹಾಕುತ್ತಾ ಬಂದಿದ್ದೇನೆ, ತಪ್ಪಿದ್ದು ಹೆಚ್ಚೆಂದರೆ ಇಪ್ಪತ್ತೋ ಇಪ್ಪತ್ತೈದೋ ದಿನ. ಜಪ ಹೇಳುವುದು ಹೇಗೆ ಅಂತ ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ಎಲ್ಲಿ ಎಡವಿದೆ, ಎಷ್ಟು ದುಡ್ಡು ಸುರಿದೆ, ಅದು ಮಾತ್ರ.

ಮೊದಲು ದುಡ್ಡಿನ ವಿಷಯ. ಶುರು ಮಾಡೋ ಹುಮ್ಮಸ್ಸಿನಲ್ಲಿ ಗೋಡೆ ತುಂಬುವಂಥ ಯೇಸುವಿನ ಕರುಣೆಯ ಚಿತ್ರ ತಂದೆ, ಗಾಜಿನ ಫ್ರೇಮ್ ಸಮೇತ. ಅದು ಅಡಾಲ್ಫ್ ಹಿವಾ ಬರೆದದ್ದರ ಪ್ರತಿ. ಆಮೇಲೆ, ಮೊದಲು ಬರೆದದ್ದು ಬೇರೆ, 1934ರಲ್ಲಿ ವಿಲ್ನಿಯಸ್‌ನಲ್ಲಿ ಕಾಜಿಮಿರೋವ್ಸ್ಕಿ ಬರೆದದ್ದು ಅಂತ ಗೊತ್ತಾಯಿತು. ಸರಿ, ಅದರದ್ದೂ ಒಂದು ಪ್ರತಿ ಬಂತು. ಈ ಜಪ ಯೇಸುವಿನಿಂದ ಬಂತು ಅಂತ ದಿನಚರಿಯಲ್ಲಿ ಬರೆದಿಟ್ಟ ಪೋಲೆಂಡಿನ ಸನ್ಯಾಸಿನಿ ಸಂತ ಫೌಸ್ತಿನಾ ಆ ಮೊದಲ ಚಿತ್ರ ನೋಡಿ, ತಾನು ಕಂಡ ಯೇಸುವಿನಷ್ಟು ಚೆಂದ ಬರಲಿಲ್ಲ ಅಂತ ಅತ್ತರಂತೆ. ಚಿತ್ರದ ಹಿರಿಮೆ ಬಣ್ಣದಲ್ಲೂ ಇಲ್ಲ, ಕುಂಚದಲ್ಲೂ ಇಲ್ಲ, ಕೃಪೆಯಲ್ಲಿದೆ ಎಂದು ಯೇಸು ಸಮಾಧಾನ ಹೇಳಿದ್ದನ್ನು ಆಕೆ ದಿನಚರಿಯಲ್ಲಿ ಬರೆದಿದ್ದಾರೆ. ಆ ಪುಟ ಮೊದಲೇ ಓದಿದ್ದರೆ ಎರಡನೇ ಫ್ರೇಮಿನ ದುಡ್ಡು ಉಳಿಯುತ್ತಿತ್ತು, ಅಲ್ವಾ? ಚಿತ್ರ, ಪುಸ್ತಕ, ಗಾಜಿನ ಜಪಸರ, ಒಂದು ಧ್ಯಾನಕೂಟದ ಶುಲ್ಕ, ಎಲ್ಲ ಸೇರಿ ಹೆಚ್ಚುಕಡಿಮೆ ನನ್ನ ಅರ್ಧ ತಿಂಗಳ ಸಂಬಳ. ಇವತ್ತು ಉಪಯೋಗಕ್ಕೆ ಬರ್ತಿರೋದು ದಿನಚರಿ ಪುಸ್ತಕ ಒಂದೇ.

ಗಾಜಿನ ಜಪಸರದ ಕಥೆ ಕೇಳಿ. ಚಿಕ್ಕದು ಎಳೆದು ಹರಿದು ಹಾಕಿತು. 59 ಮಣಿ ಇರಬೇಕು, ಮಂಚದ ಕೆಳಗೆ ಮೊಣಕಾಲೂರಿ ಹುಡುಕಿದರೂ ಸಿಕ್ಕಿದ್ದು 57. ಮುಂದಿನ ಎರಡು ದಿನ ನಾನು ಜಪ ಮಾಡಲಿಲ್ಲ, ಡೈಪರ್ ಬಿಚ್ಚಿ ಮಣಿ ಹುಡುಕಿದೆ. ಒಂದು ನನ್ನ ಚಪ್ಪಲಿಯಲ್ಲೇ ಸಿಕ್ಕಿತು. ಇನ್ನೊಂದು ಇವತ್ತಿಗೂ ಸಿಕ್ಕಿಲ್ಲ.

ಆಮೇಲೆ ಅಲಾರ್ಮ್. ಮಧ್ಯಾಹ್ನ ಮೂರು ಗಂಟೆ ಕರುಣೆಯ ಗಳಿಗೆ, ಸರಿ. ಆದರೆ ಮಗು ಮಲಗುವುದೇ ಎರಡೂ ಮುಕ್ಕಾಲಿಗೆ. ಮೂರಕ್ಕೆ ಫೋನ್ ಕಿರುಚಿತು, ಮಗು ಅದಕ್ಕಿಂತ ಜೋರಾಗಿ ಕಿರುಚಿತು. ವೈಬ್ರೇಟ್‌ಗೆ ಹಾಕಿದೆ, ಮರದ ಮೇಜಿನ ಮೇಲೆ ಅದೂ ಗುಡುಗಿದ ಹಾಗೆ. ಹೇಗೂ ಹಾಲು ಕೊಡೋಕೆ ಏಳ್ತೀನಲ್ಲ ಅಂತ ರಾತ್ರಿ ಮೂರಕ್ಕೆ ಹೇಳಿ ನೋಡಿದೆ. ಹತ್ತು ಹತ್ತು ಮಣಿಯ ಐದು ಸುತ್ತು ಇರುತ್ತೆ, ನನಗೆ ಎರಡನೇ ಹತ್ತಕ್ಕೇ ತೂಕಡಿಕೆ. ರಾತ್ರಿ ಮೂರು ಲೆಕ್ಕಕ್ಕಿಲ್ಲ ಅಂತ ಕೂಟದಲ್ಲಿ ತಕರಾರು ಬೇರೆ. ಗುರುಗಳನ್ನು ಕೇಳಿದರೆ, ಯೇಸು ಪ್ರಾಣಬಿಟ್ಟ ಗಳಿಗೆ ಅಂತ ಮಧ್ಯಾಹ್ನದ್ದೇ ಲೆಕ್ಕ, ಹಾಗಂತ ರಾತ್ರಿ ಬೇಡಿದರೆ ಕಿವಿ ಮುಚ್ಚಿಕೊಳ್ತಾರಾ ಎಂದರು.

ದಾರಿ ಸಿಕ್ಕಿದ್ದು ದಿನಚರಿಯಲ್ಲೇ. ಆ ಗಂಟೆಗೆ ದೇವಾಲಯಕ್ಕೆ ಹೋಗೋಕಾಗದಿದ್ದರೆ ನೀನಿರುವ ಜಾಗದಲ್ಲೇ, ಒಂದು ಕ್ಷಣವಾದರೂ ಸಾಕು ಅನ್ನೋ ಅರ್ಥದ ಮಾತು ಅಲ್ಲಿದೆ. ಬರೆದ ಫೌಸ್ತಿನಾ ಕೂಡ ಮಠದಲ್ಲಿ ಅಡುಗೆ, ತೋಟ, ಬಾಗಿಲು ಕಾಯುವ ಕೆಲಸ ಮಾಡಿದವರೇ. ಆಲೂಗಡ್ಡೆ ಬೇಯಿಸಿದ ದೊಡ್ಡ ಪಾತ್ರೆ ಎತ್ತಿ ನೀರು ಬಸಿಯಲು ಶಕ್ತಿ ಸಾಲದೆ ಒದ್ದಾಡಿದ್ದನ್ನೂ ಬರೆದಿದ್ದಾರೆ. ಕೈ ಖಾಲಿ ಮಾಡಿಕೊಂಡು ಪ್ರಾರ್ಥಿಸುವ ಹಠ ನಾನು ಅಲ್ಲಿಗೆ ಬಿಟ್ಟೆ.

ಈಗ ಮೂರಕ್ಕೆ ಒಂದೇ ಸಾಲು: ಯೇಸುವೇ, ನಾನು ನಿಮ್ಮಲ್ಲಿ ಭರವಸೆ ಇಡುತ್ತೇನೆ. ಅಷ್ಟೇ. ಐದು ಹತ್ತುಗಳನ್ನು ದಿನದ ಐದು ಕೆಲಸಕ್ಕೆ ಕಟ್ಟಿದ್ದೇನೆ: ಹಾಲು ಕೊಡುವಾಗ ಒಂದು, ಪಾತ್ರೆಗೆ ಒಂದು, ಬಟ್ಟೆ ಮಡಚುವಾಗ ಒಂದು, ದೊಡ್ಡವಳಿಗೆ ಸ್ನಾನ ಮಾಡಿಸುವಾಗ ಒಂದು. ಐದನೆಯದು ಯಾವಾಗ ಅನ್ನೋದು ನನ್ನಲ್ಲೇ ಇರಲಿ. ಒಟ್ಟಿಗೆ ಹೇಳಿದರೆ ಎಂಟು-ಹತ್ತು ನಿಮಿಷದ ಜಪ, ನನಗೆ ಹದಿನಾಲ್ಕು ಗಂಟೆ ಹಿಡಿಯುತ್ತದೆ. ಮಣಿ ಬದಲು ದಪ್ಪ ದಾರಕ್ಕೆ ಹತ್ತು ಗಂಟು. ನುಂಗುವ ಭಯ ಇಲ್ಲ, ಒದ್ದೆ ಕೈಗೂ ಸಿಗುತ್ತದೆ, ಹಲ್ಲು ಬರುವಾಗ ಮಗುವಿಗೆ ಕಚ್ಚೋಕೂ ಆಯಿತು. ಯಾವ ದಾರ, ಯಾವ ಗಂಟು ಅಂತ ಕೂಟದವರು ಕೇಳುತ್ತಾರೆ, ಸುಮ್ನೆ ನಗುತ್ತೇನೆ.

ಇಷ್ಟಾದರೂ ಒಂದು ದೊಡ್ಡ ಎಡವಟ್ಟು ಉಳಿದಿತ್ತು. ಒಂದಿನ ಬಟ್ಟೆ ಮಡಚುತ್ತಾ ಒಳಗೆ ಇಣುಕಿದರೆ ನಾಲ್ಕು ವರ್ಷದವಳು ಗೊಂಬೆ ಮುಂದೆ ಕೂತು ನನ್ನ ದಾರ ಹಿಡಿದು ಜಪ ಮಾಡುತ್ತಿದ್ದಾಳೆ. "ಕರುಣೆ ತೋರಿ, ಮುಟ್ಬೇಡ ಅಂದೆ! ಕರುಣೆ ತೋರಿ, ಸುಮ್ನೆ ಕೂತ್ಕೋ!" ನನ್ನದೇ ದನಿ, ನನ್ನದೇ ಕಣ್ಣು ಕೆಕ್ಕರಿಸುವಿಕೆ. ನಗು ಬಂತು, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಪೋಪ್ ಎರಡನೇ ಜಾನ್ ಪಾಲರು 1980ರಲ್ಲಿ ಕರುಣೆಯ ಬಗ್ಗೆ ಇಡೀ ಧರ್ಮಸಭೆಗೆ ಬರೆದ ವಿಶ್ವಪತ್ರದಲ್ಲಿ ಒಂದು ಉದ್ದದ ಅಡಿಟಿಪ್ಪಣಿ ಇದೆ. ಕರುಣೆಗೆ ಹೀಬ್ರೂವಿನಲ್ಲಿ ಬಳಸುವ ರಹಮೀಮ್ ಅನ್ನೋ ಪದ, ಗರ್ಭ ಅನ್ನೋ ಅರ್ಥದ ರೆಹೆಮ್‌ನಿಂದ ಬಂದದ್ದಂತೆ. ಅದನ್ನು ನಾನು ಕೂಟದಲ್ಲಿ ಜಂಬದಿಂದ ವಿವರಿಸಿದ್ದೆ. ಮನೆಯಲ್ಲಿ ಮಾತ್ರ ಅದೇ ಗರ್ಭದಿಂದ ಬಂದ ಮಗಳ ಮೇಲೆ ಹತ್ತು ಗಂಟಿನಲ್ಲಿ ನಾಲ್ಕು ಸಲ ಕೂಗು.

ಆಗ ಒಂದು ನಿಯಮ ಹಾಕಿಕೊಂಡೆ. ಕೂಗಿದರೆ ಆ ಹತ್ತು ರದ್ದು. ಮೊದಲು ಮಗಳ ಹತ್ತಿರ ಕೂತು ತಪ್ಪಾಯ್ತು ಅನ್ನಬೇಕು, ಆಮೇಲೆ ಮೊದಲ ಗಂಟಿನಿಂದ ಮತ್ತೆ. ಶುರುವಿನಲ್ಲಿ ಸ್ನಾನದ ಹತ್ತು ಒಂದೇ ಸಂಜೆ ಐದು ಸಲ ರದ್ದಾಗಿದ್ದುಂಟು, ನೀರೇ ತಣ್ಣಗಾಗುತ್ತಿತ್ತು. ತಪ್ಪಾಯ್ತು ಅಂದರೆ ಮಕ್ಕಳು ತಲೆ ಮೇಲೆ ಕೂರುತ್ತವೆ ಅಂತ ಹೆದರಿಸಿದವರೂ ಇದ್ದಾರೆ. ಹಾಗೇನೂ ಆಗಲಿಲ್ಲ. ಈಗ ವಾರಕ್ಕೆ ಎರಡು-ಮೂರು ರದ್ದು, ಲೆಕ್ಕ ಇಡೋದು ಗಂಡ, ಅವರಿಗೆ ಅದರಲ್ಲಿ ಸ್ವಲ್ಪ ಜಾಸ್ತಿಯೇ ಖುಷಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಜಪವನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಹಾಕಿದೆ, ರೈಲ್ವೆ ಅನೌನ್ಸ್‌ಮೆಂಟ್ ಥರ ಇತ್ತು, ಅಳಿಸಿದೆ. ದಾರಿ ತಪ್ಪಿದ ತಮ್ಮನಿಗಾಗಿ ಸಂತ ಮೋನಿಕಾಳ ನೊವೇನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಮಾಡಿದೆ. ಆಕೆ ಮಗ ಅಗಸ್ಟೀನನಿಗಾಗಿ ಹದಿನೇಳು ವರ್ಷ ಅತ್ತು ಬೇಡಿದವಳು, ನಾನು ಒಂಬತ್ತನೇ ದಿನ ಫಲ ಎಲ್ಲಿ ಅಂತ ಕೇಳಿದೆ. ತಮ್ಮ ಹಾಗೇ ಇದ್ದಾನೆ, ಆದರೆ ಫೋನ್ ಎತ್ತುತ್ತಾನೆ. ಶುಭ ಶುಕ್ರವಾರ ಶುರುವಾಗೋ ಕರುಣೆಯ ನೊವೇನಾದಲ್ಲಿ ಆರನೇ ದಿನ ಪುಟ್ಟ ಮಕ್ಕಳ ಆತ್ಮಗಳಿಗಾಗಿ ಬೇಡಬೇಕು, ಅವತ್ತೇ ನನ್ನ ಎರಡಕ್ಕೂ ಜ್ವರ ಬಂದು ತಪ್ಪಿತು. ಒಂಬತ್ತನೇ ದಿನ ಉಗುರುಬೆಚ್ಚಗಿನ, ಅಂದರೆ ಭಕ್ತಿ ಆರುತ್ತಾ ಬಂದ, ಆತ್ಮಗಳಿಗಾಗಿ. ಅದನ್ನು ಮಾತ್ರ ಬಿಡಲಿಲ್ಲ, ಯಾರಿಗಾಗಿ ಅಂತ ಹೇಳಬೇಕಾಗಿಲ್ಲ.

ಅಂದು ನಕ್ಕವರು ಹೋದ ತಿಂಗಳು ಬಂದು, ಮೊಮ್ಮಗ ಮನೆಯಲ್ಲಿದ್ದಾನೆ, ಒಂದು ದಾರ ಕಟ್ಟಿಕೊಡು ಎಂದರು. ಕಟ್ಟಿಕೊಟ್ಟೆ. ನನ್ನದು ಆರನೇ ದಾರ ನಡೀತಿದೆ. ಚಿಕ್ಕದಕ್ಕೆ ಈಗ ಗಂಟು ಬಿಚ್ಚೋದು ಗೊತ್ತಾಗಿದೆ, ಬೆಳಗ್ಗೆ ನೋಡಿದರೆ ಎಂಟೇ ಇತ್ತು.