ಸಣ್ಣ ರಿಯಾಕ್ಟರ್‌ಲ್ಲಿ 'ಪ್ಯಾಸಿವ್ ಸೇಫ್ಟಿ' ಇದೆ ಅಂದ್ರೆ ಎಷ್ಟು ನಂಬ್ಬೋದು, ಹೇಗೆ ನೋಡೋದು

ನಮ್ಮನೆಗೆ ನೀರು ಬರೋದು ತೋಟದ ಮೇಲಿನ ಒರತೆಯಿಂದ. ಪಂಪ್ ಇಲ್ಲ, ಮಳೆಗಾಲದಲ್ಲಿ ಮೂರ್ನಾಲ್ಕು ದಿನ ಕರೆಂಟ್ ಹೋದ್ರೂ ನಲ್ಲಿಲಿ ನೀರು ಬರುತ್ತೆ. ಆದ್ರೂ ವರ್ಷಕ್ಕೆ ಒಂದೆರಡು ಸಲ ನಿಂತು ಹೋಗುತ್ತೆ, ಪೈಪ್ ಒಡೆದಿರಲ್ಲ, ವಾಲ್ವ್ ಸರಿ ಇರುತ್ತೆ, ಮೇಲೆ ತೊಟ್ಟಿ ತುಂಬಿರುತ್ತೆ, ಪೈಪ್ ಸ್ವಲ್ಪ ಏರಿ ಇಳಿಯೋ ಜಾಗದಲ್ಲಿ ಗಾಳಿ ಕಟ್ಕೊಂಡಿರುತ್ತೆ ಅಷ್ಟೇ. ಯಾವ ಭಾಗವೂ ಕೆಟ್ಟಿಲ್ಲ, ಆದ್ರೆ ಕೆಲಸ ನಡೀತಿಲ್ಲ. ಕರೆಂಟ್ ತಯಾರಿಸೋ ಸಣ್ಣ ಅಣು ರಿಯಾಕ್ಟರ್ ಬಗ್ಗೆ ಓದೋರು ಮೊದ್ಲು ಇದೊಂದನ್ನ ಮನಸ್ಸಲ್ಲಿ ಇಟ್ಕೊಳ್ಳಿ.

2025-26ರ ಬಜೆಟ್‌ಲ್ಲಿ ಕೇಂದ್ರ ಸರ್ಕಾರ ಇದಕ್ಕೆ 20,000 ಕೋಟಿ ಇಟ್ಟಿದೆ, 2033ರೊಳಗೆ ನಮ್ಮದೇ ವಿನ್ಯಾಸದ ಐದಾದ್ರೂ ಸಣ್ಣ ರಿಯಾಕ್ಟರ್ ಓಡಬೇಕು ಅಂತ. ಹಾಗಾಗಿ 'ಕರೆಂಟ್ ಹೋದ್ರೂ ತಾನಾಗೇ ತಣ್ಣಗಾಗುತ್ತೆ' ಅನ್ನೋ ಮಾತು ಇನ್ನೂ ಜಾಸ್ತಿ ಕೇಳಿಸುತ್ತೆ, ಇದನ್ನೇ ಪ್ಯಾಸಿವ್ ಸೇಫ್ಟಿ ಅನ್ನೋದು. ಅದು ಸುಳ್ಳಲ್ಲ, ಒಳ್ಳೆ ಐಡಿಯಾನೇ. ರಿಯಾಕ್ಟರ್ ಆಫ್ ಮಾಡಿದ ತಕ್ಷಣನೂ ಅದರ ಪೂರ್ತಿ ಶಾಖದಲ್ಲಿ ಸುಮಾರು 6-7% ಬರ್ತಾನೇ ಇರುತ್ತೆ, ಒಂದು ದಿನ ಆದ್ಮೇಲೂ ಅರ್ಧ ಪರ್ಸೆಂಟ್ ಹತ್ರ ಇರುತ್ತೆ, ಆ ಶಾಖನ ಪಂಪ್ ಇಲ್ಲದೆ ಹೊರಗೆ ಹಾಕೋಕೆ ಆದ್ರೆ ದೊಡ್ಡ ವಿಷ್ಯ. ರಿಯಾಕ್ಟರ್ ಸಣ್ಣದಾದಷ್ಟೂ ಇದು ಸುಲಭ.

ಮೊದ್ಲು ಕೇಳ್ಬೇಕಾದ್ದು ಎಷ್ಟು ಪ್ಯಾಸಿವ್ ಅಂತ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1991ರಲ್ಲೇ ಇದನ್ನ ಎ ಇಂದ ಡಿ ತನಕ ನಾಲ್ಕು ವರ್ಗ ಮಾಡಿದೆ. ಎ ಅಂದ್ರೆ ಏನೂ ಅಲ್ಲಾಡಲ್ಲ, ಬರೀ ಗೋಡೆ, ಕವಚ ಥರದ್ದು. ಬಿ ಅಂದ್ರೆ ನೀರೋ ಗಾಳಿಯೋ ಮಾತ್ರ ಹರಿಯುತ್ತೆ. ಸಿ ಅಂದ್ರೆ ಚೆಕ್ ವಾಲ್ವ್ (ಒಂದೇ ಕಡೆಗೆ ಹರಿಯೋಕೆ ಬಿಡೋ ವಾಲ್ವ್) ಥರ ಅಲ್ಲಾಡೋ ಭಾಗ ಇರುತ್ತೆ. ಡಿ ಅಂದ್ರೆ ಶುರು ಮಾಡೋಕೆ ಒಂದು ಸಿಗ್ನಲ್, ಒಂದು ಬ್ಯಾಟರಿ ಬೇಕು, ಆಮೇಲೆ ತಾನೇ ನಡೆಯುತ್ತೆ. ನಾಲ್ಕಕ್ಕೂ ಒಂದೇ ಹೆಸರು ಹೇಳಿ ಮುಗಿಸಿದ್ರೆ ಅಲ್ಲೇ ನಿಲ್ಸಿ ಕೇಳಿ.

ಶುರು ಆಗೋ ಜಾಗದಲ್ಲಿ ಏನಾಗ್ಬೋದು ಅನ್ನೋಕೆ ಫುಕುಶಿಮಾ ನೋಡಿ. 2011ರ ಮಾರ್ಚ್ 11ರಂದು ಅಲ್ಲಿನ ಒಂದನೇ ಯೂನಿಟ್‌ಲ್ಲಿ ಐಸೋಲೇಷನ್ ಕಂಡೆನ್ಸರ್ ಇತ್ತು, ಹಬೆ ಮೇಲೆ ಹೋಗಿ ತಣ್ಣಗಾಗಿ ನೀರಾಗಿ ತನ್ನ ಭಾರಕ್ಕೇ ವಾಪಸ್ ಇಳಿಯೋ ವ್ಯವಸ್ಥೆ, ಪಂಪೇ ಬೇಡ. ಸುನಾಮಿ ನೀರು ನುಗ್ಗಿ ಬ್ಯಾಟರಿ ಕರೆಂಟೂ ಹೋಯ್ತು, ಕಂಟ್ರೋಲ್ ಕರೆಂಟ್ ಹೋದ್ರೆ ವಾಲ್ವ್ ಮುಚ್ಕೋಬೇಕು ಅಂತ ಮೊದ್ಲೇ ವಿನ್ಯಾಸ ಮಾಡಿದ್ರು, ಮೀಟರ್ ದೀಪ ಎಲ್ಲಾ ಆರಿ ಅದು ನಡೀತಿದೆಯೋ ಇಲ್ವೋ ಅಂತ ಒಳಗಿದ್ದೋರಿಗೂ ಸರಿಯಾಗಿ ಗೊತ್ತಾಗ್ಲಿಲ್ಲ. ಇದನ್ನ ಓದಿದಾಗಿಂದ ನಾನು ಯಾವ ವಿನ್ಯಾಸ ನೋಡಿದ್ರೂ ಎರಡು ಪ್ರಶ್ನೆ ಬಿಡಲ್ಲ: ಕರೆಂಟ್ ಹೋದ್ರೆ ವಾಲ್ವ್ ಯಾವ ಕಡೆಗೆ ನಿಲ್ಲುತ್ತೆ, ನಡೀತಿದೆ ಅಂತ ಕತ್ತಲಲ್ಲಿ ಹೇಗೆ ಗೊತ್ತಾಗುತ್ತೆ.

ಪಂಪ್ ಇಲ್ಲದಾಗ ಬಿಸಿ ನೀರು ಹಗುರಾಗಿ ಮೇಲೇರಿ, ತಣ್ಣೀರು ಕೆಳಗಿಳಿದು ಹರಿವು ಆಗುತ್ತೆ. ಆ ತಳ್ಳೋ ಬಲ ಎಷ್ಟು ಅಂತ ಲೆಕ್ಕ ಹಾಕಿ, ಇದನ್ನ ನೀವೇ ಮಾಡ್ಬೋದು. ಬಿಸಿ ನೀರು ತಣ್ಣೀರಿನ ಸಾಂದ್ರತೆ ವ್ಯತ್ಯಾಸನ ಎತ್ತರದಿಂದ, ಭೂಮಿಯ ಸೆಳೆತದ ಅಂಕಿ 9.8ರಿಂದ ಗುಣಿಸಿ. ಘನ ಮೀಟರ್‌ಗೆ 50 ಕೆಜಿ ವ್ಯತ್ಯಾಸ, 10 ಮೀಟರ್ ಎತ್ತರ ಅಂದ್ಕೊಂಡ್ರೆ 4,900 ಪ್ಯಾಸ್ಕಲ್, ಅಂದ್ರೆ ಬರೀ ಅರ್ಧ ಮೀಟರ್ ನೀರಿನ ಒತ್ತಡ. ಇಷ್ಟು ಸಣ್ಣ ಬಲ ಆದ್ದರಿಂದಲೇ ಪೈಪ್ ಒಳಗೆ ಕೂತ ಪದರ, ತಣ್ಣಗಾದ್ರೂ ನೀರಾಗದೆ ಉಳಿಯೋ ಗ್ಯಾಸು, ಅರ್ಧ ತೆರೆದ ವಾಲ್ವ್, ಬೇಸಿಗೆಲಿ ಬಿಸಿಯಾದ ಹೊರಗಿನ ಗಾಳಿ ಎಲ್ಲಾ ಲೆಕ್ಕಕ್ಕೆ ಬರುತ್ತೆ. ಪಂಪ್ ಇದ್ರೆ ಇಂಥ ಸಣ್ಣ ಅಡ್ಡಿನೆಲ್ಲ ತಳ್ಕೊಂಡು ಹೋಗ್ತಿತ್ತು. ನಮ್ಮ ಒರತೆ ಪೈಪ್ ಕಥೆನೂ ಇದೇ.

ಹಾಗಾಗಿ 'ವಿಫಲ ಆಗೋ ಸಾಧ್ಯತೆ ಇಷ್ಟು' ಅಂತ ಒಂದು ಅಂಕಿ ಕೊಟ್ರೆ, ಅದ್ರಲ್ಲಿ ವಾಲ್ವ್ ಕೆಡೋದು ಮಾತ್ರ ಸೇರಿದೆಯಾ, ಏನೂ ಕೆಡದೆ ಹರಿವು ಸಾಲದೆ ಹೋಗೋದೂ ಸೇರಿದೆಯಾ ನೋಡಿ. ಯುರೋಪಿನವರ ಆರ್‌ಎಂಪಿಎಸ್ ವಿಧಾನದಲ್ಲಿ ಶಾಖ, ಒತ್ತಡ, ಗ್ಯಾಸ್ ಪ್ರಮಾಣ ಎಲ್ಲಾ ಸ್ವಲ್ಪ ಸ್ವಲ್ಪ ಬದಲಾಯಿಸ್ತಾ ಕಂಪ್ಯೂಟರ್‌ಲ್ಲಿ ಮತ್ತೆ ಮತ್ತೆ ಓಡ್ಸಿ ಎಷ್ಟು ಸಲ ಮಿತಿ ದಾಟುತ್ತೆ ಅಂತ ನೋಡ್ತಾರೆ. ನಮ್ಮ ಬಾರ್ಕ್‌ನವರ (ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ) ಎಪಿಎಸ್‌ಆರ್‌ಎ ವಿಧಾನ ನಂಗೆ ಹೆಚ್ಚು ಇಷ್ಟ, ಯಾಕಂದ್ರೆ ಗ್ಯಾಸ್ ಜಾಸ್ತಿ ಆಯ್ತು ಅಂದ್ರೆ ಅಲ್ಲಿಗೆ ಬಿಡದೆ ಯಾವ ವಾಲ್ವ್, ಯಾವ ಕಂಟ್ರೋಲ್ ಕೈಕೊಟ್ಟಿದ್ದಕ್ಕೆ ಹಾಗಾಯ್ತು ಅಂತ ಹಿಂದಕ್ಕೆ ಹುಡುಕ್ತಾ ಹೋಗುತ್ತೆ. ಪೈಪ್‌ಲ್ಲಿ ಗಾಳಿ ಕಟ್ಟಿದಾಗ ನಾವೂ ಗಾಳಿ ತೆಗೆದು ಸುಮ್ನಾಗಲ್ಲ ಅಲ್ವಾ, ಎಲ್ಲಿಂದ ನುಗ್ತು ಅಂತ ಒರತೆ ತನಕ ಹತ್ತಿ ನೋಡ್ತೀವಿ.

ಒಂದೇ ಕೊಳದಲ್ಲಿ ಹತ್ತಾರು ಮಾಡ್ಯೂಲ್, ಅಂದ್ರೆ ಸಣ್ಣ ರಿಯಾಕ್ಟರ್, ಇದ್ರೆ ಒಂದೇ ಕಾರಣಕ್ಕೆ ಎಲ್ಲವೂ ಒಟ್ಟಿಗೆ ತೊಂದ್ರೆಗೆ ಬೀಳ್ಬೋದಾ ಅಂತಲೂ ಕೇಳಿ. 2018ರ ಆಗಸ್ಟ್‌ಲ್ಲಿ ನಮ್ಮಲ್ಲಿ ಗುಡ್ಡ ಕುಸಿದಾಗ ರಸ್ತೆ, ಕರೆಂಟ್, ಫೋನ್ ಒಂದಾದ್ಮೇಲೆ ಒಂದು ಹೋಗಿದ್ದಲ್ಲ, ಒಟ್ಟಿಗೇ ಹೋಗಿದ್ದು.

ಕೊನೆಗೆ, ನಿಜವಾದ ರಿಯಾಕ್ಟರ್‌ಲ್ಲೇ ಟೆಸ್ಟ್ ಮಾಡಿದಾರಾ? ಅಮೆರಿಕದ ಪ್ರಯೋಗದ ರಿಯಾಕ್ಟರ್ ಇಬಿಆರ್-2ರಲ್ಲಿ 1986ರ ಏಪ್ರಿಲ್‌ಲ್ಲೇ ಪಂಪ್ ನಿಲ್ಸಿ ನೋಡಿದ್ರು, ಅದು ತಾನೇ ತಣ್ಣಗಾಯ್ತು. ಚೀನಾದ ಎಚ್‌ಟಿಆರ್-ಪಿಎಂ ರಿಯಾಕ್ಟರ್‌ಲ್ಲಿ 2023ರಲ್ಲಿ ಮಾಡಿದ್ರು, ಅಲ್ಲೂ ಹಾಗೇ ಆಯ್ತು. ಆದ್ರೆ ಮೊದಲನೇದನ್ನ ತಣ್ಣಗಾಗಿಸೋದು ಸೋಡಿಯಂ, ಎರಡನೇದನ್ನ ಹೀಲಿಯಂ, ಅದನ್ನ ತೋರ್ಸಿ ನೀರಿನ ರಿಯಾಕ್ಟರ್‌ಗೆ ಸರ್ಟಿಫಿಕೇಟ್ ಕೊಟ್ರೆ ಒಪ್ಬೇಡಿ. ಜೊತೆಗೆ ಹೊಸದಾಗಿದ್ದಾಗ ಮಾಡಿದ ಟೆಸ್ಟ್ ಸಾಲದು, ಇಪ್ಪತ್ತು ವರ್ಷ ಓಡಿದ್ಮೇಲೆ ಅದೇ ಪೈಪ್‌ಲ್ಲಿ ಅಷ್ಟೇ ಹರಿಯುತ್ತಾ ಅಂತ ಮತ್ತೆ ಹೇಗೆ ನೋಡ್ತೀರಿ ಅಂತ ಕೇಳಿ, ಆ ಉತ್ತರ ಬರವಣಿಗೆಲಿ ಸಿಗೋ ತನಕ ಬಿಡ್ಬೇಡಿ.